ಬಾಗಿಲಿಗೆ ಎದುರಿನ ಗೋಡೆ

ಅಪೊಲಿನ್ ಸಲ್ದಾನ್ಹಾ ತೀರಿಕೊಂಡಾಗ ಮಲೇಷ್ಯಾದ ಮೆಲಾಕಾದ ಚರ್ಚಿನಲ್ಲಿ ಅವಳನ್ನು ಹೊಗಳಿದವರಲ್ಲಿ ಯಾರೂ ತಾನ್ ಅವರ ಮನೆಯ ವಿಷಯ ಎತ್ತಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕೆಂಬ ಮರ್ಯಾದೆ. ಆದರೆ ಅವಳ ಕೊನೆಯ ವರ್ಷವನ್ನು ತಿಂದುಹಾಕಿದ್ದು ಆ ಮನೆಯೇ. ಅದನ್ನು ಬಿಟ್ಟರೆ ಅಪೊಲಿನ್ ಅರ್ಧ ಮಾತ್ರ ಉಳಿಯುತ್ತಾಳೆ.

ಮಂಗಳೂರಿನಲ್ಲಿ ನರ್ಸಿಂಗ್ ಕಲಿಸುತ್ತಿದ್ದವಳು, ಗಂಡನಿಗೆ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಬಂದಳು. ಗಂಡ ಇಲ್ಲೇ ತೀರಿಕೊಂಡರು. ಅವಳು ಊರಿಗೆ ಮರಳದೆ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಶನಿವಾರ ಸಂಜೆ ಚೀನೀ ಭಕ್ತರಿಗೆ ತರಬೇತಿ ಕೊಡತೊಡಗಿದಳು. ಪಾದ್ರಿಗಳಿಗಲ್ಲ, ಕನ್ಯಾಸ್ತ್ರೀಯರಿಗಲ್ಲ, ಅಂಗಡಿಯವರಿಗೆ, ನಿವೃತ್ತ ಗುಮಾಸ್ತರಿಗೆ. ತಮ್ಮ ಜನರ ಮನೆಗಳಿಗೆ ಹೋಗಿ, ಕಾಯಿಲೆಯವರ ಪಕ್ಕ ಕೂತು, ಕೇಳಿದವರಿಗೆ ಯೇಸುವಿನ ಮಾತು ಹೇಳುವುದು ಅವರ ಕೆಲಸ. ಮೊದಲು ಕೊಟ್ಟದ್ದನ್ನು ತಿನ್ನಿ, ಆಮೇಲೆ ಅವರ ಕಷ್ಟ ಕೇಳಿ, ಬಾಯಿ ಬಿಡುವುದು ಕೊನೆಗೆ ಎನ್ನುತ್ತಿದ್ದಳು. ಬೈಸಿಕೊಂಡು ಬಂದವರನ್ನು ಮನೆಗೆ ಕರೆದು ಗಂಜಿ ಬಡಿಸುತ್ತಿದ್ದಳು. ಅವಳ ಹೊಕ್ಕಿಯೆನ್ ಚೀನೀ ಮಾತು ಮಾರುಕಟ್ಟೆಯಲ್ಲಿ ಕಲಿತದ್ದು. “ನೀವು ಬಾಯಿ ತೆರೆದ್ರೆ ಮೀನಿನವ ಹೆದರಿ ರೇಟ್ ಇಳಿಸ್ತಾನೆ ಮಾರಾಯ್ರೆ,” ಎಂದು ಗೆಳತಿ, ಉಡುಪಿಯ ಡಾಕ್ಟರ್ ವಾರಿಜಾಕ್ಷಿ ಗೇಲಿ ಮಾಡುತ್ತಿದ್ದಳು.

ಅವಳ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕಿನವಳು ಬೇಕರಿ ನಡೆಸುವ ಆಗ್ನೆಸ್ ಕೋ. ಆಗ್ನೆಸ್ ಹೋಗಿಬರುತ್ತಿದ್ದ ಮನೆಯ ಮುದುಕರೇ ತಾನ್. ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ನಲ್ಲಿದ್ದ ಅವರು ತಾವಾಗಿಯೇ ಕೇಳಿ ಜ್ಞಾನಸ್ನಾನ ಪಡೆದು ಕ್ರೈಸ್ತರಾದರು. ಹೆಂಡತಿ ತನ್ನ ಊದುಬತ್ತಿ ಪೂಜೆ ಬಿಡಲಿಲ್ಲ, ಗಂಡನನ್ನು ತಡೆಯಲೂ ಇಲ್ಲ. ಸಾಯುವ ಮುಂಚೆ ಫಾದರ್ ಬಂದು ಹಣೆಗೆ ಪವಿತ್ರ ತೈಲ ಹಚ್ಚಬೇಕು, ಅಷ್ಟೇ ಸಾಕು ಎಂದಿದ್ದರು ತಾನ್. ಅಪೊಲಿನ್ ಅವರ ಕೈ ಹಿಡಿದು ಆಗಲಿ ಎಂದಿದ್ದಳು.

ಒಂದು ಶನಿವಾರ ತರಗತಿಯಲ್ಲಿ ಅವಳು ತನ್ನ ಊರಿನ ರೂಢಿ ಹೇಳಿದ್ದಳು. ನಮ್ಮ ಕ್ರೈಸ್ತರ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಬಾಗಿಲಿಗೆ ಎದುರಿನ ಗೋಡೆಯಲ್ಲೇ ಇರಬೇಕು, ಒಳಗೆ ಬಂದವರ ಕಣ್ಣು ಮೊದಲು ಅಲ್ಲಿ ಬೀಳಬೇಕು, ಎಂದು. ಚೀನೀಯರ ಮನೆಯಲ್ಲಿ ಆ ಗೋಡೆ ಸತ್ತ ಹಿರಿಯರದು. ಅಪೊಲಿನ್ ಅದನ್ನು ವರ್ಷಗಳಿಂದ ನೋಡಿದ್ದಳು. ಎರಡನ್ನೂ ಕೂಡಿಸಿ ಯೋಚಿಸಿರಲಿಲ್ಲ. ಹಿರಿಯರನ್ನು ನೆನೆಯುವುದಕ್ಕೆ ಚರ್ಚಿನ ಅಡ್ಡಿಯಿಲ್ಲವೆಂಬ ಮಾತನ್ನೂ ಅಂದು ಸೇರಿಸಲಿಲ್ಲ.

ತಾನ್ ಅವರ ಹೆಂಡತಿ ಮಾರುಕಟ್ಟೆಗೆ ಹೋಗಿದ್ದಾಗ ಆಗ್ನೆಸ್ ಆ ಗೋಡೆಯಿಂದ ಮುದುಕಿಯ ಅತ್ತೆ ಮಾವಂದಿರ ಹೆಸರು ಕೆತ್ತಿದ ಮರದ ಫಲಕಗಳನ್ನು ಇಳಿಸಿದಳು. ಬಟ್ಟೆಯಲ್ಲಿ ಸುತ್ತಿ ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿಟ್ಟು, ಪಟ ತೂಗುಹಾಕಿದಳು. ಹಾಸಿಗೆ ಹಿಡಿದಿದ್ದ ತಾನ್‌ಗೆ ಸದ್ದಷ್ಟೇ ಕೇಳಿಸಿತು.

ಮರಳಿ ಬಂದ ಮುದುಕಿ ಕೂಗಾಡಲಿಲ್ಲ. ಪಟವನ್ನು ತಂದು ಗೇಟಿನ ಹೊರಗೆ ಒರಗಿಸಿ ಬೀಗ ಹಾಕಿದಳು.

“ನೀವು ಹೇಳಿದ್ದನ್ನೇ ಮಾಡಿದೆ, ಟೀಚರ್,” ಎಂದಳು ಆಗ್ನೆಸ್.

“ಹೌದು. ನಾನೇ ಹೇಳಿದ್ದು,” ಎಂದಳು ಅಪೊಲಿನ್. ಮುಂದಿನ ತರಗತಿಯಲ್ಲಿ ಎಲ್ಲರ ಎದುರೂ ಅದನ್ನೇ ಹೇಳಿದಳು.

ತಪ್ಪು ಮಾಡಿದವರು ನೊಂದವರಿಗೆ ಚಹಾ ಬಗ್ಗಿಸಿ ಕೊಡುವುದು ಆ ಜನರ ಪದ್ಧತಿ. ಅವಳು ಫ್ಲಾಸ್ಕಿನಲ್ಲಿ ಚಹಾ, ಚೀಲದಲ್ಲಿ ಕಿತ್ತಳೆ ಹಿಡಿದು ಗೇಟಿನ ಮುಂದೆ ನಿಂತಳು. ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಮಗ ಬಂದು, ಅಮ್ಮನಿಗೆ ಸಾಕಾಗಿದೆ ಆಂಟಿ, ಹೋಗಿ ಲಾ, ಎಂದ ಇಲ್ಲಿನವರ ಧಾಟಿಯಲ್ಲಿ. ಆಗಲೇ ಅಪೊಲಿನ್‌ಳ ಲಿವರ್ ಕೆಟ್ಟಿತ್ತು. ಬಿಸಿಲಲ್ಲಿ ನಿಲ್ಲಬೇಡಿ ಎಂದು ವಾರಿಜಾಕ್ಷಿ ಗದರಿದಳು. ಅವಳು ಮತ್ತೆ ಹೋದಳು. ತಾನ್‌ಗೆ ಮೇಲುಸಿರು ಹತ್ತಿದೆಯೆಂದು ಪಕ್ಕದ ಮನೆಯವರು ತಿಳಿಸಿದ ದಿನ ಫಾದರ್ ಅವರನ್ನೂ ಕರೆದೊಯ್ದು, ಗೇಟಿನ ಸರಳು ಹಿಡಿದು ಆಂಟೀ, ಆಂಟೀ ಎಂದು ಗಂಟಲು ಕಟ್ಟುವವರೆಗೆ ಕರೆದಳು. ಸಂಜೆಗೆ ತಾನ್ ಹೋದರು, ತೈಲವಿಲ್ಲದೆ.

ಮನೆಯ ಮುಂದೆ ಚಪ್ಪರ ಹಾಕಿ ಶವಪೆಟ್ಟಿಗೆ ಇಟ್ಟಿದ್ದರು. ಸತ್ತವರಿಗಾಗಿ ಸುಡುವ ಬಂಗಾರ ಬಣ್ಣದ ಕಾಗದವನ್ನು ಗಟ್ಟಿಗಳ ಆಕಾರಕ್ಕೆ ಮಡಚುತ್ತ ಮುದುಕಿ ಕೂತಿದ್ದಳು. ಅಪೊಲಿನ್, ಆಗ್ನೆಸ್ ಹತ್ತಿರ ಬಂದಾಗ ತಲೆ ಎತ್ತಲಿಲ್ಲ.

“ನೀವು ಕರೆದದ್ದು ಅವರಿಗೆ ಕೇಳಿಸ್ತು. ಬಾಗಿಲನ್ನೇ ನೋಡ್ತಾ ಇದ್ರು,” ಎಂದಳು. “ನಾನೇ ತೆಗೀಲಿಲ್ಲ.”

ಅಪೊಲಿನ್ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಕಾಗದ ತೆಗೆದುಕೊಂಡು ಮಡಚತೊಡಗಿದಳು.

“ಟೀಚರ್, ನಾವು ಇದನ್ನ ಮಾಡಬಾರದಲ್ವಾ?” ಆಗ್ನೆಸ್ ಮೆಲ್ಲಗೆ ಕೇಳಿದಳು. ಅಪೊಲಿನ್ ಇನ್ನೊಂದು ಕಾಗದ ತೆಗೆದುಕೊಂಡಳು. ಆಗ್ನೆಸ್ ಹೊರಟುಹೋದಳು. ಮತ್ತೆ ಶನಿವಾರದ ತರಗತಿಗೆ ಬರಲಿಲ್ಲ.

ಮುದುಕಿ ಅಪೊಲಿನ್‌ಳನ್ನು ಎಬ್ಬಿಸಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ಮಗ ಕಾಗದದ ರಾಶಿಯನ್ನು ಬೆಂಕಿಗೆ ಒಯ್ದಾಗ, ಸಾಯುವವರಿಗಾಗಿ ಹೇಳುವ ಪ್ರಾರ್ಥನೆಯನ್ನು ಅಪೊಲಿನ್ ತುಟಿ ಅಲುಗಿಸದೆ, ತಡವಾಗಿ, ಪೂರ್ತಿ ಹೇಳಿಕೊಂಡಳು.