ಪ್ರಪೋಸಲ್ ಬಂದ ದಿನ ನಾನು ಆಡಿದ ಮಾತು

ನಿಮ್ಮ ಅವ್ವನ ಪ್ರಪೋಸಲ್ ಪಾಸಾಗಿತ್ತು. ಆ ಸುದ್ದಿ ಆಕೆಗೆ ಮುಟ್ಟದ ಹಾಗೆ ಮಾಡಿದವಳು ನಾನು. ಆಕೆಯ ಹೆಸರು ಹೇಳಿ ಒಂದು ಸುಳ್ಳಾಡಿದೆ, ಆಮೇಲೆ ಆಕೆಯ ಮುಂದೆಯೇ ಇನ್ನೊಂದು. ಅದು ಸುಳ್ಳೆಂದು ಹೇಳಿ ಸರಿಪಡಿಸಲು ನನಗೆ ಇನ್ನೂ ಸಮಯ ಇತ್ತು — ಆದರೂ ಸುಮ್ಮನಿದ್ದೆ.

ಶ್ವೇತಾ, ವಿನಯ, ಇದನ್ನು ನಿಮ್ಮ ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಶಾಲೆಯಲ್ಲಿಯೂ ಅಷ್ಟೇ, ಮಾಸ್ತರು ಎಬ್ಬಿಸಿ ನಿಲ್ಲಿಸಿದರೆ ಬರುವ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಬರೆಯಬಲ್ಲೆ. ಬರೆಯುವಾಗಲೂ ಹೆದರಿಕೆ ಇದೆ. ಇದನ್ನು ಓದಿದ ಮೇಲೆ ನೀವು ನನ್ನನ್ನು ಆಯಿ ಎಂದು ಕರೆಯುವಾಗ ನಿಮ್ಮ ದನಿ ಹೇಗಿರುತ್ತದೋ — ಅದನ್ನು ನೆನೆದರೆ ಪೆನ್ನು ನಿಲ್ಲುತ್ತದೆ.

ಆಗ ನಿಮ್ಮ ಅಪ್ಪ ತೀರಿಕೊಂಡು ಎರಡನೇ ವರ್ಷ. ಜೇವರ್ಗಿ ಕಾಲೊನಿಯ ಈ ಬಾಡಿಗೆ ಮನೆಯಲ್ಲಿ ನಾವು ನಾಲ್ವರು. ನಿಮ್ಮ ಅವ್ವ ಸವಿತಾ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಸಿವಿಲ್ ಪಾಠ ಹೇಳಿ ಬರುತ್ತಿದ್ದಳು. ಆಕೆ ತಂದದ್ದರಲ್ಲೇ ಮನೆ ನಡೆಯುತ್ತಿತ್ತು. ನಾನು ನಿಮ್ಮನ್ನು ನೋಡಿಕೊಳ್ಳುತ್ತಿದ್ದೆ. ನನಗಿದ್ದ ಒಬ್ಬನೇ ಮಗ ಹೋದ ಮೇಲೆ ಈ ಲೋಕದಲ್ಲಿ ನನಗೆ ಉಳಿದ ಜಾಗ ಅಷ್ಟೇ — ನಿಮ್ಮಿಬ್ಬರ ನಡುವೆ ಹಾಸಿದ ಚಾಪೆ.

ಆ ಜಾಗವೂ ಹೋಗುತ್ತದೆ ಎಂಬ ಭಯ ಆಗಲೇ ಒಳಗೆ ಕೂತಿತ್ತು. ನಿಮ್ಮ ಸೋದರಮಾವ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಒಮ್ಮೆ ಬಂದವರು ಚಹಾ ಕುಡಿಯುತ್ತ, ನನಗೆ ಕೇಳಿಸುವ ಹಾಗೆಯೇ ಅಂದರು: "ಸವಿತಾ, ನಿನಗಂತ ಒಂದು ಖೋಲಿ ತೆಗೆಸೀನಿ. ಯಾವಾಗ ಬಂದ್ರೂ ನಡೀತದ. ನಿಂದಿನ್ನೂ ವಯಸ್ಸದ, ಮುಂದಿಂದು ವಿಚಾರ ಮಾಡು." ಆಕೆ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಆ ದಿನಗಳಲ್ಲಿ ಆಕೆ ಕಮಲಾಪುರದ ನಮ್ಮ ಹೊಲದಿಂದ ಬಾಳೆ ದಿಂಡು ತಂದು, ನಾರು ಬಿಡಿಸಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ಕೆಂಪು ಬಾಳೆಯ ಗೊನೆ ಕಡಿದ ಮೇಲೆ ರೈತರು ದಿಂಡನ್ನು ಬದುವಿಗೆ ಎಸೆಯುತ್ತಾರಲ್ಲ, ಅದರ ನಾರನ್ನು ಸಿಮೆಂಟಿನಲ್ಲಿ ಕೂಡಿಸಿದರೆ ಬಿರುಕು ಬಿಡದ ಅಗ್ಗದ ಹಾಸುಗಲ್ಲು ಮಾಡಬಹುದು ಎಂಬುದು ಆಕೆಯ ವಿಚಾರ. ಮಾಳಿಗೆಯ ವಾಸನೆಗೆ ಪಕ್ಕದ ಮನೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಇದರ ಸಲುವಾಗಿ ಬೇರೆ ಕಾಲೇಜಿನ ಬಿರಾದಾರ ಸರ್ ಎಂಬವರ ಜೊತೆ ಆಕೆ ದಿನಾ ಮಾಳಿಗೆಯ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಒಮ್ಮೊಮ್ಮೆ ನಗುತ್ತಿದ್ದಳು. ಮಗ ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಕೇಳಿ ಸಂತೋಷಪಡಬೇಕಾದವಳು ನಾನು — ಮೆಟ್ಟಿಲ ಕೆಳಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ.

ಒಂದು ದಿನ ಆಕೆ ದಿಂಡು ನೋಡಿ ಬರಲು ಕಮಲಾಪುರಕ್ಕೆ ಹೋದಳು. ಅವಸರದಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿ ಮರೆತಿದ್ದಳು. ಅದು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ನಿಮ್ಮಿಂದ ಕಲಿತಿದ್ದ ಹಾಗೆ ಹಸಿರು ಗುರುತಿನ ಮೇಲೆ ಬೆರಳಾಡಿಸಿ ಕಿವಿಗೆ ಹಿಡಿದೆ.

"ನಮಸ್ಕಾರ್ರೀ, ನಾ ಬಿರಾದಾರ. ಸವಿತಾ ಮೇಡಂ ಇದ್ದಾರೇನ್ರಿ?"

"ಇಲ್ಲ್ರಿ. ಊರಿಗಿ ಹೋಗ್ಯಾಳ. ನಾ ಆಕಿ ಅತ್ತಿ."

"ಛಲೋ ಆತು ಬಿಡ್ರಿ, ಹಿರಿಯರಿಗೇ ಮೊದಲ ಹೇಳಿದಂಗಾತು. ನಮ್ಮ ಪ್ರಪೋಸಲ್ ಪಾಸಾಗ್ಯಾದ್ರಿ! ಬುಧವಾರ ವರ್ಕ್‌ಶಾಪಿನಾಗ ದೊಡ್ಡವರು ಬರ್ತಾರ. ಅವರ ಮುಂದ ನಾವಿಬ್ಬರೂ ಕೂಡೇ ಕುಂದ್ರಬೇಕು, ಅವರು ಕೇಳಿದ್ದಕ್ಕ ಹೇಳಬೇಕು. ಮೇಡಂ ಹೂಂ ಅಂದ್ರ ಸಾಕ್ರಿ, ಉಳಿದದ್ದು ನಾ ನೋಡ್ಕೋತೀನಿ."

ಈಗ ಓದಿದರೆ ನಿಮಗೆ ನಗು ಬರಬಹುದು. ನನಗೆ ಗೊತ್ತಿದ್ದ ಪ್ರಪೋಸಲ್ ಒಂದೇ. ನಮ್ಮೂರಲ್ಲಿ ಕನ್ಯೆ ನೋಡೋದು ಅನ್ನುತ್ತಿದ್ದೆವು. ಕಾಲೊನಿಗೆ ಬಂದ ಮೇಲೆ ಇಲ್ಲಿಯ ಹೆಂಗಸರ ಬಾಯಲ್ಲಿ ಆ ಇಂಗ್ಲಿಷ್ ಮಾತು ಕೇಳಿ ಕಲಿತಿದ್ದೆ — ಇಂಥವರ ಹುಡುಗಿಗೆ ಪ್ರಪೋಸಲ್ ಬಂದದ, ಅವರ ಹುಡುಗನ ಪ್ರಪೋಸಲ್ ಮುರೀತು. ವರ್ಕ್‌ಶಾಪ್ ಅಂದರೆ ಗಾಡಿ ರಿಪೇರಿ ಮಾಡುವ ಜಾಗ. ಅಂದರೆ ಸರ್ ಆಗಿದ್ದೂ ಒಂದು ವರ್ಕ್‌ಶಾಪ್ ಇಟ್ಟುಕೊಂಡ ಮನುಷ್ಯ. ಅಲ್ಲಿಗೆ ಅವರ ಮನೆಯ ಹಿರಿಯರು ಬರುತ್ತಾರೆ. ಇಬ್ಬರನ್ನೂ ಕೂಡಿಸಿ ನೋಡುತ್ತಾರೆ. ಆಕೆ ಹೂಂ ಅಂದರೆ ಮುಗಿಯಿತು — ನೀವಿಬ್ಬರೂ ಆಕೆಯ ಸೆರಗು ಹಿಡಿದು ಯಾರದೋ ಮನೆಗೆ ಹೊರಡುವುದು ಕಣ್ಣಿಗೆ ಕಟ್ಟಿತು. ಆ ಮನುಷ್ಯನಿಗೆ ಹೆಂಡತಿ ಮಕ್ಕಳು ಇದ್ದಾರೆಯೇ ಎಂದು ಕೂಡ ಕೇಳಲಿಲ್ಲ.

"ಆಕೀಗಿ ಮನಸ್ಸಿಲ್ಲ್ರಿ," ಅಂದೆ.

"ಅಂದ್ರ? ಮೇಡಂ ಹಂಗ ಅಂದಾರೇನ್ರಿ?"

"ಅಂದಾಳ."

ಆ ಒಂದು ಮಾತು. ಜೀವಮಾನವೆಲ್ಲ ನಾಲ್ಕು ಜನರ ಮುಂದೆ ಬಾಯಿ ಬಿಡದವಳು ನಾನು, ಅವತ್ತು ಅದೆಷ್ಟು ಸಲೀಸಾಗಿ — "ಅಂದಾಳ. ಮಕ್ಕಳು ಸಣ್ಣವವ. ಮತ್ತ ಫೋನ್ ಮಾಡಬ್ಯಾಡ್ರಿ," ಅಂದೆ.

"ಸರಿ ರೀ. ಮೇಡಂಗ ಬ್ಯಾಡಾಗಿದ್ರ ನಾ ಒತ್ತಾಯ ಮಾಡಂಗಿಲ್ಲ," ಎಂದು ಇಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನೊಂದಿದ್ದರು. ಅದನ್ನೂ ನಾನು ಬೇರೆಯಾಗಿಯೇ ಅರ್ಥ ಮಾಡಿಕೊಂಡೆ.

ಸಂಜೆ ನಿಮ್ಮ ಅವ್ವ ಬಂದಳು. ಮೊಬೈಲ್ ನೋಡಿ, "ಅತ್ತೀ, ಬಿರಾದಾರ ಸರ್ ಫೋನ್ ಬಂದಿತ್ತೇನ್ರಿ?" ಅಂದಳು. ಬಂದ ಫೋನಿನ ಗುರುತು ಅದರಲ್ಲಿ ಉಳಿಯುತ್ತದೆ ಎಂದು ನನಗೆ ತಿಳಿದಿರಲಿಲ್ಲ.

"ಬಂದಿತ್ತು. ಅದು ಆಗಲಿಲ್ಲ ಅಂದ್ರು."

"ಆಗಲಿಲ್ಲ ಅಂದ್ರಾ?"

"ಹೂಂ."

ಆಕೆಯ ಮುಖ ಇಳಿಯಿತು. ನೋಡು, ಇವಳ ಮನಸ್ಸಿನಲ್ಲೂ ಇತ್ತು ಎಂದು ನಾನು ಒಳಗೇ ಅಂದುಕೊಂಡೆ. ಆಕೆ ಕೈಕಾಲು ತೊಳೆದು ಬಂದು ವಿನಯನ ಹೋಮ್‌ವರ್ಕ್ ನೋಡುತ್ತ ಕೂತಳು. ಬಿರಾದಾರ ಸರ್‌ಗೆ ತಿರುಗಿ ಫೋನ್ ಮಾಡಲಿಲ್ಲ. ಹಿಂದೊಮ್ಮೆ ಇಂಥದೇ ಒಂದು ಪ್ರಪೋಸಲ್ ವಾಪಸಾದಾಗ, ಯಾಕೆ ಎಂದು ಕೇಳಲು ಹೋಗಿ ಯಾರಿಂದಲೋ ಮಾತು ಅನ್ನಿಸಿಕೊಂಡಿದ್ದಳಂತೆ. ಈ ಸಲ ಕೇಳಬಾರದು ಎಂದು ಸುಮ್ಮನಾದಳು. ಕಾಗದಪತ್ರವೆಲ್ಲ ಆ ಸರ್ ಹೆಸರಿಗೇ ಬರುತ್ತಿದ್ದುದರಿಂದ ಬೇರೆ ದಾರಿಯಲ್ಲಿ ತಿಳಿಯುವ ಹಾಗೂ ಇರಲಿಲ್ಲ. ಅವರು ಒತ್ತಾಯ ಮಾಡದ ಮನುಷ್ಯ, ಇವಳು ಎರಡನೇ ಸಲ ಕೇಳದ ಹೆಂಗಸು. ಇಬ್ಬರ ಒಳ್ಳೆಯತನವೂ ನನ್ನ ಸುಳ್ಳಿಗೆ ಆಸರೆಯಾಯಿತು.

ಇಲ್ಲಿಗೇ ನಿಂತಿದ್ದರೆ, ಓದು ಬರಹ ಕಡಿಮೆ ಇದ್ದ ಮುದುಕಿ ತಪ್ಪು ತಿಳಿದಳು ಎಂದು ನೀವು ನನ್ನನ್ನು ಬಿಟ್ಟುಬಿಡಬಹುದಿತ್ತು. ಇಲ್ಲಿಗೆ ನಿಲ್ಲಲಿಲ್ಲ.

ಆ ಭಾನುವಾರ ನಾವೆಲ್ಲ ಕಮಲಾಪುರಕ್ಕೆ ಹೋದೆವು. ನಿಮ್ಮ ಮುತ್ಯಾನ ತಮ್ಮ, ನನ್ನ ಮೈದುನ ಗುರಪ್ಪ ಬಾಳೆ ತೋಟದಲ್ಲಿ ನಿಂತು ಕೂಗಿದ: "ಸವಿತಾ, ನಿನ್ನ ದಿಂಡು ಕಡದು ನೆಳ್ಳಾಗ ಹಾಕೀನಿ. ಯಾವಾಗ ಒಯ್ತಿ?"

"ಬ್ಯಾಡ್ರಿ ಮಾವ. ಪ್ರಪೋಸಲ್ ಆಗಲಿಲ್ಲ."

ಗುರಪ್ಪ ಹೆಗಲ ಟವಲು ಕೊಡವಿದ. "ಪ್ರಪೋಸಲ್ಲಾ? ಅದು ಗಂಡು ಹೆಣ್ಣಿನ ಮಾತಲ್ಲೇನವ್ವಾ?"

ನಿಮ್ಮ ಅವ್ವ ನಕ್ಕಳು. "ಅದೇ ನೋಡ್ರಿ. ನಿಮ್ಮ ಬಾಳಿ ದಿಂಡಿಗಿ ಒಂದು ಗಂಡು ನೋಡಿದ್ದೆ, ಸರಕಾರ ಅಂತ. ಒಪ್ಪಲಿಲ್ಲ."

"ಯಾಕ, ವರದಕ್ಷಿಣಿ ಭಾಳ ಕೇಳ್ತೇನು?"

"ಉಲ್ಟಾ, ನಾವೇ ಅವರಿಗಿ ಕೇಳಿದ್ವಿ!"

ಗುರಪ್ಪ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಆಕೆ ಅವನಿಗೆ ಬಿಡಿಸಿ ಹೇಳಿದಳು — ನಾವು ಹೀಗೊಂದು ಸಂಶೋಧನೆ ಮಾಡುತ್ತೇವೆ, ಯಂತ್ರಕ್ಕೆ, ಪರೀಕ್ಷೆಗೆ ನೆರವು ಕೊಡಿ ಎಂದು ಬರೆದು ಕೇಳುವುದೇ ಪ್ರಪೋಸಲ್. ಮೊದಲ ಸುತ್ತಿನಲ್ಲಿ ಪಾಸಾದವರನ್ನು ವರ್ಕ್‌ಶಾಪ್ ಎಂದು ಒಂದು ಕಡೆ ಕರೆಸಿ, ತಿಳಿದವರು ಪ್ರಶ್ನೆ ಕೇಳಿ, ತಿದ್ದಿಸಿ, ಕೊನೆಗೆ ಆರಿಸುತ್ತಾರೆ. ಜೊತೆಗಾರರು ಇಬ್ಬರೂ ಅಲ್ಲಿರಲೇಬೇಕು. "ಬರೋ ಬುಧವಾರ ಅದ. ಪಾಸಾದವರು ಹೋಗ್ತಾರ," ಅಂದಳು. ನಗುತ್ತಲೇ ಅಂದಳು. ಅಂದು ತೋಟದ ಆಚೆ ನೋಡಿದಳು.

ಎಲ್ಲವೂ ಒಂದೊಂದಾಗಿ ತಿರುಗಿ ನಿಂತವು — ದೊಡ್ಡವರು, ಇಬ್ಬರೂ ಕೂಡೇ ಕುಂದ್ರಬೇಕು, ಹೂಂ ಅಂದ್ರ ಸಾಕು. ನಾನು ಏನು ಮಾಡಿದೆ ಎಂದು ಆ ಗಳಿಗೆಯಲ್ಲಿ ಪೂರಾ ತಿಳಿಯಿತು. ಬುಧವಾರ ಇನ್ನೂ ಬಂದಿರಲಿಲ್ಲ. ಒಂದು ಫೋನ್ ಮಾಡಿದರೆ ಮುಗಿಯುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಆಕೆ ನನ್ನ ಪಕ್ಕದಲ್ಲೇ ಕೂತಿದ್ದಳು. ನೀವಿಬ್ಬರೂ ನಮ್ಮ ತೊಡೆಯ ಮೇಲೆ ನಿದ್ದೆ ಹೋಗಿದ್ದಿರಿ. ಹೇಳಬೇಕು ಎಂದು ಬಾಯಿ ತೆರೆದೆ.

"ಸವಿತಾ —"

"ಏನ್ರಿ ಅತ್ತಿ?"

ಏನೆಂದು ಹೇಳಲಿ? ನಿನ್ನ ಮೇಲೆ ಸಂಶಯಪಟ್ಟೆ, ನಿನ್ನ ನಗುವಿಗೆ ಕಿವಿ ಕೊಟ್ಟೆ, ನೀನು ಗೌರವಿಸುವ ಮನುಷ್ಯನಿಗೆ ನಿನ್ನ ಹೆಸರಲ್ಲಿ ಇಲ್ಲ ಅಂದೆ — ಎಂದೇ? ಆಕೆ ಅಂದೇ ಬಟ್ಟೆ ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟರೆ ಯಾವ ಮುಖದಿಂದ ತಡೆಯಲಿ? ನೀವು ಹೋದ ಮೇಲೆ ಉಳಿಯುವ ಖಾಲಿ ಮನೆ ಕಣ್ಣಿಗೆ ಬಂತು. ಶ್ವೇತಾ, ನಿನ್ನ ತಲೆ ನನ್ನ ತೊಡೆಯ ಮೇಲೆ ಭಾರವಾಗಿತ್ತು. ಆ ಭಾರ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

"ಏನಿಲ್ಲ. ಬಿಸಲು ಭಾಳ ಅದ," ಅಂದೆ.

ಆಕೆ ತನ್ನ ಸೆರಗು ಎಳೆದು ಕಿಟಕಿಯ ಬಿಸಿಲು ನನ್ನ ಮುಖಕ್ಕೆ ತಾಗದ ಹಾಗೆ ಹಿಡಿದಳು. ಕಲಬುರಗಿ ಬರುವವರೆಗೂ ಹಾಗೇ ಹಿಡಿದಿದ್ದಳು.

ಸೋಮವಾರ ಹೇಳುತ್ತೇನೆ ಅಂದುಕೊಂಡೆ, ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಬುಧವಾರ ಬೆಳಿಗ್ಗೆ ಆಕೆ ಎಂದಿನ ಹಾಗೆ ಜಡೆ ಹಾಕಿಕೊಂಡು, ಎಂದಿನ ಚೀಲ ಹೆಗಲಿಗೇರಿಸಿ ಪಾಠಕ್ಕೆ ಹೋದಳು. ನಾನು ದೇವರ ಮುಂದೆ ಕೂತೆ, ಕೈ ಮುಗಿಯಲು ಆಗಲಿಲ್ಲ. ದೇವರನ್ನು ಕೇಳುವುದಾದರೂ ಏನನ್ನು? ಮೊಬೈಲು ಆಕೆಯ ಬಳಿ ಇತ್ತು, ಪಕ್ಕದ ಮನೆಯಲ್ಲಿ ಫೋನ್ ಇತ್ತು, ಆಕೆಯ ಕಾಲೇಜಿಗೆ ಆಟೋ ಇತ್ತು. ಎಲ್ಲ ಇತ್ತು. ನಾನು ಒಲೆಯ ಮುಂದೆ ಕೂತೆ.

ಆ ವಾರವೇ ಆಕೆ ಮಾಳಿಗೆಯ ನಾರನ್ನೆಲ್ಲ ಕೆಳಗೆ ತಂದು, ನಿಮ್ಮ ಸ್ನಾನದ ಹಂಡೆಯ ಒಲೆಗೆ ಹಾಕಿದಳು. "ಛಲೋ ಉರೀತದ ನೋಡ್ರಿ ಅತ್ತಿ," ಅಂದಳು. ಆ ನೀರನ್ನು ನಿಮ್ಮ ತಲೆಗೆ ಹಾಕಿದ್ದು ನಾನೇ.

ಬಿರಾದಾರ ಸರ್ ಮುಂದಿನ ಕೆಲಸಕ್ಕೆ ಬೇರೆ ಜೊತೆಗಾರರನ್ನು ಹುಡುಕಿಕೊಂಡರಂತೆ. ನಿಮ್ಮ ಅವ್ವ ಮತ್ತೆ ಪ್ರಪೋಸಲ್ ಬರೆಯಲೇ ಇಲ್ಲ. ಕಾಲೇಜಿಗೆ ಇಂಥ ವರ್ಕ್‌ಶಾಪಿನ ಸುದ್ದಿ ಬಂದರೆ ಹೊಸ ಮಾಸ್ತರುಗಳನ್ನು ಕಳಿಸುತ್ತಾಳೆ, ಅವರು ಬರೆದದ್ದನ್ನು ಮನೆಗೆ ತಂದು ತಿದ್ದುತ್ತಾಳೆ. ಅವರಿಗೆ ನೆರವು ಸಿಕ್ಕರೆ ಪೇಢೆ ತರುತ್ತಾಳೆ. ನಾನು ಆ ಪೇಢೆ ತಿಂದಿದ್ದೇನೆ.

ಹೋದ ವಾರ ಊಟಕ್ಕೆ ಕೂತಾಗ ಶ್ವೇತಾ, ನೀನು ನಗೆಯಾಡಿದೆ: "ಅವ್ವಾ, ಬರೇ ಮಂದಿದು ತಿದ್ದತಿ. ನಿಂದೊಂದು ಹಾಕಿ ನೋಡು. ಎಷ್ಟು ಪುಕ್ಕಲಿ ಇದ್ದಿ!" ವಿನಯ ಬಿಡಲಿಲ್ಲ: "ಅವ್ವ ಪಾಸಾಗೂದು ನಮ್ಮ ಮನ್ಯಾಗ ಅಷ್ಟ." ಆಕೆ ನಿಮಗೆ ಸಾರು ಬಡಿಸುತ್ತ, "ಹೌದ್ರಿ ಸಾಹೇಬ್ರ, ನನ್ನ ಯೋಗ್ಯತಾ ಅಷ್ಟ," ಅಂದಳು. ಚೇಷ್ಟೆಗೆ ಅಂದಳು ಎಂದು ನೀವು ನಕ್ಕಿರಿ. ನಾನು ಆಕೆಯ ಮುಖ ನೋಡಿದೆ. ಅದು ಚೇಷ್ಟೆಯಾಗಿರಲಿಲ್ಲ, ಮಕ್ಕಳೇ. ಆಕೆ ಅದನ್ನು ನಂಬಿದ್ದಾಳೆ. ಇಷ್ಟು ವರ್ಷ ನಂಬಿಕೊಂಡು ಬದುಕಿದ್ದಾಳೆ. ಪುಕ್ಕಲಿ ನಾನು, ಆ ಹೆಸರು ಆಕೆಗೆ ಬಂದಿದೆ.

ಅದಕ್ಕೆ ಇಂದು ಬೆಳಿಗ್ಗೆ, ನೀವಿಬ್ಬರೂ ಹೊರಗೆ ಹೋದ ಮೇಲೆ, ಆಕೆಯನ್ನು ಕೂಡಿಸಿಕೊಂಡು ಹೇಳಿದೆ. ಫೋನಿನ ಸಂಗತಿ, "ಅಂದಾಳ" ಎಂದದ್ದು, ವರ್ಕ್‌ಶಾಪ್ ಎಂದರೆ ಗಾಡಿ ರಿಪೇರಿ ಎಂದುಕೊಂಡದ್ದು — ಅಲ್ಲಿಯವರೆಗೆ ಆಕೆ ಕೇಳುತ್ತಿದ್ದಳು, ತುಟಿಯಂಚಿನಲ್ಲಿ ಸ್ವಲ್ಪ ನಗುವೂ ಬಂತೇನೋ. ಬಸ್ಸಿನ ಮಾತು ನಾನಿನ್ನೂ ಎತ್ತಿರಲಿಲ್ಲ. ಎತ್ತದೆ ಮುಗಿಸಿಬಿಡಬಹುದು ಎಂಬ ಆಸೆ ಆ ಹೊತ್ತಿಗೂ ಬಂತು. ಆಕೆಯೇ ಕೇಳಿದಳು.

"ಬುಧವಾರಕ್ಕಿಂತ ಮೊದಲ ಗೊತ್ತಾಗಿತ್ತೇನ್ರಿ ನಿಮಗ?"

"ಆಗಿತ್ತು," ಅಂದೆ.

ಆಕೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಕಾಲೇಜಿಗೆ ಹೋದಳು. ಹೋಗುವಾಗ "ಬರ್ತೀನ್ರಿ ಅತ್ತಿ" ಎಂದು ದಿನಾ ಅನ್ನುತ್ತಾಳೆ. ಇವತ್ತು ಅನ್ನಲಿಲ್ಲ.

ಈಗ ಮಧ್ಯಾಹ್ನ ಇಳಿಯುತ್ತಿದೆ. ಹೊರಗೆ ಆಟೋ ನಿಂತರೆ ಎದ್ದು ಕಿಟಕಿಗೆ ಹೋಗುತ್ತೇನೆ. ಆಕೆ ಬಂದು ಬೈಯಬಹುದು, ಬೈಯದೆಯೂ ಇರಬಹುದು. ಬೈಯದಿದ್ದರೆ ಇನ್ನೂ ಹೆದರಿಕೆ. ಆದರೆ ನಿಮಗೆ ಒಂದು ಮಾತು ಹೇಳುವುದಿದೆ, ಅದಕ್ಕೇ ಇಷ್ಟು ಬರೆದೆ. ನೀವು ನನ್ನ ಕೈಯಲ್ಲಿ ಬೆಳೆದವರು, ನನ್ನ ಮೇಲೆ ಮಾಯೆ ಮಮತೆ ಇರುತ್ತದೆ. ಆಯಿಗೆ ವಯಸ್ಸಾಗಿದೆ, ಬಿಟ್ಟುಬಿಡು ಎಂದು ಆಕೆಗೆ ಹೇಳಲು ಹೋಗಬೇಡಿ. ಆಕೆ ನನ್ನ ಜೊತೆ ಮಾತು ಬಿಟ್ಟರೆ ನಮ್ಮಿಬ್ಬರನ್ನು ಕೂಡಿಸಲು ಬರಬೇಡಿ. ಆಕೆ ಈ ಮನೆಯಲ್ಲಿ ಇರಲಾರೆ ಅಂದರೆ, ನನ್ನ ಮುಖ ನೋಡುತ್ತ ನಿಲ್ಲಬೇಡಿ — ಆಕೆಯ ಜೊತೆ ಹೋಗಿ.