ಡಬ್ಬಿ ಏನ ಅಂತು?

ಫೆಬ್ರುವರಿ 9, 1997, ರವಿವಾರ. ಮುಂಜಾನೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ನಿನ್ನೆ ಅಥಣಿಯಿಂದ ಒಂದು ಜೋಡು ಹೊಸ ಚಪ್ಪಲಿ ತಂದೆ. ಚರ್ಮದ ವಾಸನೆ ಮನೆ ತುಂಬುತ್ತದೆ ಎಂದು ಅವ್ವ ಅವನ್ನು ಹೊಸ್ತಿಲು ದಾಟಗೊಡಲಿಲ್ಲ. ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಬೆಳಗಿನ ಗಾಳಿಗೆ ಆ ವಾಸನೆ ತಾನಾಗಿ ಒಳಗೆ ಬಂದಿದೆ: ಒಂದಿಷ್ಟು ಒಗರು, ಒಂದಿಷ್ಟು ಎಣ್ಣೆ, ಒಂದಿಷ್ಟು ಬಿಸಿಲು. ಇದೇ ವಾಸನೆಯ ಇನ್ನೊಂದು ವಸ್ತು ನನ್ನ ಟ್ರಂಕಿನಲ್ಲಿದೆ. ಅಥಣಿಯ ಚಪ್ಪಲಿ ಹೊಲಿಯುವವರೊಬ್ಬರು ನನಗಾಗಿ ಹೊಲಿದುಕೊಟ್ಟ ಪಿಸ್ತೂಲಿನ ಒರೆ ಅದು. ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವಂಥದ್ದು. 'ಇದರಾಗ ಪಾದ ಎಲ್ಲಿ ಇಡ್ತೀರಿ?' ಎಂದು ಅವರು ಅಳತೆ ತೆಗೆಯುವಾಗ ಕೇಳಿದ್ದರು.

ನೀವು ಗಾಬರಿಯಾಗಬೇಡಿ. ನಾನು ಹಾರೂಗೇರಿಯ ಒಂದು ಪ್ರೌಢಶಾಲೆಯಲ್ಲಿ ಆಟದ ಮಾಸ್ತರ. ಜೈನರ ಮನೆಯವನು, ಕತ್ತಲಾಗುವ ಮೊದಲೇ ಊಟ ಮುಗಿಸುವವನು. ಎಲ್ಲವನ್ನೂ ತಾರೀಖು ಹಾಕಿ ವಹಿಯಲ್ಲಿ ಬರೆದಿಡುವುದು ನನ್ನ ಚಟ. ಹುಡುಗರು ನೂರು ಮೀಟರ್ ಎಷ್ಟು ಸೆಕೆಂಡಿಗೆ ಓಡಿದರು ಎನ್ನುವುದರಿಂದ ಹಿಡಿದು, ನಮ್ಮ ಓಣಿಯ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬಂತು ಎನ್ನುವವರೆಗೆ ನನ್ನಲ್ಲಿ ಲೆಕ್ಕವಿದೆ. ಇಂಥವನ ಕೈಗೆ ಪಿಸ್ತೂಲು ಹೇಗೆ ಬಂತು ಎನ್ನುವುದೂ ವಹಿಯಲ್ಲಿದೆ: ಜೂನ್ 11, 1989, ರವಿವಾರ.

ಆ ದಿನ ಉಗಾರ ಖುರ್ದದಲ್ಲಿ ಹವಾಲ್ದಾರ್ ಕಾಂಬಳೆಯವರನ್ನು ಮೊದಲ ಸಲ ಕಂಡೆ. ಪಲ್ಟಣದಿಂದ ನಿವೃತ್ತರಾಗಿ ಬಂದವರು. ಊರ ಹೊರಗೆ ಪಾಳುಬಿದ್ದ ಇಟ್ಟಿಗೆ ಭಟ್ಟಿಯೊಂದರ ಮಣ್ಣಿನ ಗೋಡೆಯ ಎದುರು ಪ್ರತಿ ರವಿವಾರ ನಾಲ್ಕಾರು ಜನರಿಗೆ ಗುರಿ ಕಲಿಸುತ್ತಿದ್ದರು. ಪಿಸ್ತೂಲು ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲು, ಅದರೊಳಗೆ ಕಡಲೆಬೇಳೆಗಿಂತ ಸಣ್ಣ ಸೀಸದ ಗುಂಡು. ಹತ್ತು ಹೆಜ್ಜೆ ದೂರದಲ್ಲಿ ಬಿಸ್ಕೀಟ್ ಡಬ್ಬಿಯ ಮುಚ್ಚಳವೊಂದು ತಂತಿಗೆ ತೂಗುತ್ತಿತ್ತು. ಸೀಟಿ ಊದಿದ ಕೂಡಲೇ ಸೊಂಟದ ಒರೆಯಿಂದ ಪಿಸ್ತೂಲು ತೆಗೆದು ಒಂದೇ ಗುಂಡು ಹೊಡೆಯಬೇಕು. ಬಡಿದರೆ ಮುಚ್ಚಳ 'ಟಣ್' ಎನ್ನುತ್ತದೆ. ಆಟ ಇಷ್ಟೇ. ದೀಪಾವಳಿ ಮುಗಿದ ಮೇಲೆ ಚಿಕ್ಕೋಡಿಯಲ್ಲಿ ಸುತ್ತಲಿನ ಊರುಗಳ ನಡುವೆ ಒಂದು ಪಂದ್ಯ ಆಗುತ್ತಿತ್ತು. ಊರಿಗೆ ಮೂವರ ತಂಡ.

ಅವ್ವನ ಅಪ್ಪಣೆ ಬೇಕಾಗಿತ್ತು. ಅವಳು ಅಕ್ಕಿ ಆರಿಸುತ್ತ ಕೇಳಿದಳು.

'ಯಾರ ಮ್ಯಾಲ ಗುರಿ ಇಡ್ತಿ ತಮ್ಮಾ?'

'ಡಬ್ಬಿ ಮುಚ್ಚಳದ ಮ್ಯಾಲ, ಅವ್ವ.'

'ಬಿಸ್ಕೀಟ್ ಡಬ್ಬಿ ಅಂತಿ. ಅದಕ್ಕ ಇರಿವಿ ಹತ್ತಿದ್ರ?'

ಪ್ರತಿ ಸಲ ಹೊಡೆಯುವ ಮೊದಲು ಹತ್ತಿರ ಹೋಗಿ, ಮುಚ್ಚಳದ ಎರಡೂ ಮಗ್ಗುಲು ನೋಡಿ, ಇರುವೆ ಇದ್ದರೆ ಊದಿ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಭಟ್ಟಿಯಲ್ಲಿ ನಾನು ಮೊದಲ ಸಲ ಹಾಗೆ ಮಾಡಿದಾಗ ಸಕ್ಕರೆ ಕಾರ್ಖಾನೆಯ ಇಬ್ಬರು ಫಿಟ್ಟರುಗಳು ಹೊಟ್ಟೆ ಹಿಡಿದು ನಕ್ಕರು. 'ಮಾಸ್ತರ್ರು ಡಬ್ಬಿಗಿ ಮುದ್ದ ಕೊಡಾಕತ್ತಾರ ನೋಡ್ರೋ!' ಹವಾಲ್ದಾರರು ನಗಲಿಲ್ಲ. ಕಾರಣ ಕೇಳಿ ತಿಳಿದುಕೊಂಡರು. ಆಮೇಲೆ, 'ಇವತ್ತಿನಿಂದ ಎಲ್ಲಾರೂ ಹಂಗ ಮಾಡ್ರಿ. ಹೊಡಿಯೂದಕ್ಕಿಂತ ಮೊದಲ ಅದನ್ನ ಒಮ್ಮಿ ಚಂದಂಗಿ ನೋಡಿ ಬರಬೇಕ' ಎಂದರು. ನಕ್ಕವರೂ ಅಂದಿನಿಂದ ಮುಚ್ಚಳ ಊದತೊಡಗಿದರು.

ಶಾಲೆಯ ಸ್ಟಾಪ್‌ವಾಚ್ ನನ್ನ ಬಳಿ ಇತ್ತು, ಅದರ ಮುಖದ ಮೇಲೆ ಸೆಕೆಂಡಿಗೆ ಹತ್ತು ಗೀಟು. ಹೊಸದಾಗಿ ಏನು ಕಲಿತರೂ 'ನಾನು ಎಷ್ಟು ಚುರುಕು' ಎಂದು ತಿಳಿಯುವ ಆತುರ ಎಲ್ಲರಿಗೂ ಇರುತ್ತದೆ. ನನಗೆ ತುಸು ಹೆಚ್ಚೇ ಇತ್ತು. ಬೇರೆಯವರಿಗೆ ತೊಂದರೆ ಕೊಡದೆ ನಾನೇ ಒಂದು ಉಪಾಯ ಮಾಡಿಕೊಂಡೆ. ಎಡಗೈಯಲ್ಲಿ ಗಡಿಯಾರ, ಬಲಗೈ ಒರೆಯ ಬಳಿ. ಎಡ ಹೆಬ್ಬೆರಳು ಒತ್ತಿದೊಡನೆ ಬಲಗೈ ಪಿಸ್ತೂಲು ಎಳೆಯಬೇಕು, ಗುಂಡು ಹಾರಿದೊಡನೆ ಮತ್ತೆ ಹೆಬ್ಬೆರಳು ಒತ್ತಬೇಕು. ರವಿವಾರಕ್ಕೆ ಇಪ್ಪತ್ತರಂತೆ ಹದಿನಾರು ರವಿವಾರ, ಒಟ್ಟು ಮುನ್ನೂರ ಇಪ್ಪತ್ತು ಸಾಲು ಬರೆದೆ. ಮೊದಲ ರವಿವಾರದ ಸರಾಸರಿ ಎರಡು ಸೆಕೆಂಡು. ಹದಿನಾರನೆಯದರದ್ದು ಒಂದೂವರೆಗಿಂತ ಕಡಿಮೆ.

ಚುರುಕಾಗಲು ಇನ್ನೊಂದು ಸಾಹಸವನ್ನೂ ಮಾಡಿದ್ದೆ. ಹೊಸ ಒರೆ ಹೊಸ ಚಪ್ಪಲಿಯಂತೆಯೇ ಬಿಗಿಯಾಗಿರುತ್ತದೆ, ಪಿಸ್ತೂಲನ್ನು ಬಿಟ್ಟುಕೊಡುವುದಿಲ್ಲ. ಸಡಿಲಾಗಲಿ ಎಂದು ಅದನ್ನು ರಾತ್ರಿಯಿಡೀ ಕುಸುಬೆ ಎಣ್ಣೆಯಲ್ಲಿ ನೆನೆಹಾಕಿದೆ. ಮರುದಿನ ಅದು ಎಣ್ಣೆಯಲ್ಲಿ ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿ, ಬೆಂದ ಬದನೆಕಾಯಿಯಂತೆ ಮೆತ್ತಗಾಗಿತ್ತು. ಪಿಸ್ತೂಲು ಸಲೀಸಾಗಿ ಹೊರಬಂತು, ನಿಜ. ನಡೆಯುವಾಗಲೂ ಹೊರಬಂತು. ಹವಾಲ್ದಾರರು ಅದನ್ನು ಮೂಸಿ ನೋಡಿ, 'ಮಾಸ್ತರ, ಒಗ್ಗರಣಿ ಒಂದ ಬಾಕಿ ಐತ್ರಿ' ಎಂದರು. ಅದು ಒಣಗಿ ಗಟ್ಟಿಯಾಗಲು ಇಪ್ಪತ್ತೆರಡು ದಿನ ಬೇಕಾಯಿತು. ಅದನ್ನೂ ಬರೆದಿದ್ದೇನೆ.

ಹವಾಲ್ದಾರರು ನನ್ನ ವಹಿಯನ್ನು ಮಾತ್ರ ಎಂದೂ ಬಿಡಿಸಿ ನೋಡಲಿಲ್ಲ. ನಾನು ಹೆಮ್ಮೆಯಿಂದ, 'ಕಾಕಾ, ಇವತ್ತ ಒಂದ ಸಲ ಒಂದ ಸೆಕೆಂಡಿನ ಮ್ಯಾಲ ಬರೇ ಮೂರ ಗೀಟ' ಎಂದರೆ, ಅವರು ಬೀಡಿಯ ಬೂದಿ ಕೊಡವುತ್ತ ಒಂದೇ ಮಾತು ಕೇಳುತ್ತಿದ್ದರು.

'ಡಬ್ಬಿ ಏನ ಅಂತು?'

ಡಬ್ಬಿ ಹಲವು ಸಲ ಏನೂ ಅಂದಿರುತ್ತಿರಲಿಲ್ಲ. ಆದರೆ ನನ್ನ ವಹಿಯಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ವೇಗ ಮೊದಲು ಬರಲಿ, ಗುರಿ ಹಿಂದಿನಿಂದ ಬರುತ್ತದೆ ಎಂದುಕೊಂಡಿದ್ದೆ. ಎತ್ತುಗಳ ಮುಂದೆ ಬಂಡಿ ಕಟ್ಟಿದಂತೆ ಎಂದು ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ಆ ವರ್ಷದ ತಂಡದಲ್ಲಿ ಇಬ್ಬರು ಫಿಟ್ಟರುಗಳು ನಿಶ್ಚಿತ. ಮೂರನೆಯ ಜಾಗಕ್ಕೆ ಇದ್ದವರು ನಾನು ಮತ್ತು ಸುಶೀಲಾ. ಸುಶೀಲಾ ಹವಾಲ್ದಾರರ ಮಗಳು, ಉಗಾರದ ಅಂಚೆ ಕಚೇರಿಯಲ್ಲಿ ನೌಕರಿ. ಅವರು ಪಿಸ್ತೂಲು ತೆಗೆಯುವುದನ್ನು ನೋಡಿದರೆ ಯಾರೋ ಕಪಾಟಿನಿಂದ ಮಡಚಿಟ್ಟ ಸೀರೆ ತೆಗೆಯುತ್ತಿದ್ದಾರೆ ಅನಿಸುತ್ತಿತ್ತು. ಒಂದು ಎಳೆತವಿಲ್ಲ, ಜರ್ಕಿಲ್ಲ. ಕೈ ಮೇಲೆ ಬಂದು ನಿಂತು, ಮುಚ್ಚಳ ಕಂಡ ಮೇಲೆಯೇ ಬೆರಳು ಪಿಸ್ತೂಲಿನ ಕುದುರೆಗೆ ಹೋಗುತ್ತಿತ್ತು. ನಾನು ನನ್ನ ವಹಿ ನೆನೆಸಿಕೊಂಡು ಒಳಗೊಳಗೇ ನಿಶ್ಚಿಂತನಾಗಿದ್ದೆ. ಚಿಕ್ಕೋಡಿಗೆ ಹೋಗುವ ಆಸೆ ನನಗೆ ಎಷ್ಟಿತ್ತೆಂದರೆ, ಶಾಲೆಯಲ್ಲಿ ಮುಖ್ಯಾಧ್ಯಾಪಕರಿಗೆ ರಜೆಯ ಅರ್ಜಿ ಬರೆದುಕೊಟ್ಟೂ ಆಗಿತ್ತು.

ಅಕ್ಟೋಬರ್ 8, ರವಿವಾರ. ಹವಾಲ್ದಾರರು ನಮ್ಮಿಬ್ಬರನ್ನೂ ಕರೆದರು.

'ಮಗಳನ್ನ ನಾ ಆರಿಸಿದ್ರ ಮಂದಿ ಒಂದ ಅಂತಾರ. ನಿಮ್ಮನ್ನ ಆರಿಸಿದ್ರ ಮನ್ಯಾಗ ನನಗ ಅನ್ನ ಹುಟ್ಟೂದಿಲ್ಲ. ಗಡಿಯಾರ ನಿಮ್ಮ ಹಂತೇಕ ಐತಿ, ವಹಿ ನಿಮ್ಮ ಹಂತೇಕ ಐತಿ. ಮೂರನೇ ಹೆಸರ ನೀವ ಬರೀರಿ, ಮಾಸ್ತರ.'

ಇಷ್ಟು ಹೇಳಿ ಅವರು ಬೇವಿನ ಮರದ ಕೆಳಗೆ ಹೋಗಿ ನಮಗೆ ಬೆನ್ನು ಮಾಡಿ ಕೂತುಬಿಟ್ಟರು.

ಸುಶೀಲಾ ಮೊದಲು. ನಾನು ಸೀಟಿ ಊದಿ ಗಡಿಯಾರ ಒತ್ತುತ್ತಿದ್ದೆ, 'ಟಣ್' ಕೇಳಿದೊಡನೆ ನಿಲ್ಲಿಸುತ್ತಿದ್ದೆ. ಹತ್ತು ಸೀಟಿ, ಒಂಬತ್ತು ಟಣ್. ಸರಾಸರಿ ಎರಡು ಸೆಕೆಂಡು, ಆರು ಗೀಟು.

ನನ್ನ ಸರದಿ ಬಂದಾಗ ನಾನು ಎಂದಿನಂತೆ ಎಡಗೈಗೆ ಗಡಿಯಾರ ಹಿಡಿದುಕೊಂಡೆ. ಸುಶೀಲಾ ಕೈ ಚಾಚಿದರು.

'ಇಲ್ಲಿ ಕೊಡ್ರಿ.'

'ಇಲ್ರಿ, ನನಗ ರೂಢಿ ಐತಿ.'

ಅವರು ಚಾಚಿದ ಕೈ ಹಿಂದೆಗೆಯಲಿಲ್ಲ. 'ಸಿಟ್ಟಾಗಬ್ಯಾಡ್ರಿ ಮಾಸ್ತರ. ನಿಮ್ಮ ಸಾಲ್ಯಾಗ ಒಬ್ಬ ಹುಡುಗ ತಾನ ಸೀಟಿ ಊದಿ ತಾನ ಓಡಿದ್ರ, ಅವಗ ಬಕ್ಷೀಸ ಕೊಡ್ತೀರೇನ?'

ನೀವು ನಂಬುವುದಿಲ್ಲ, ಹದಿನಾರು ರವಿವಾರದಲ್ಲಿ ನನಗಿದು ಒಮ್ಮೆಯೂ ಹೊಳೆದಿರಲಿಲ್ಲ. ಸೀಟಿಗಿಂತ ಮೊದಲೇ ಹೆಜ್ಜೆ ಕಿತ್ತ ಹುಡುಗರನ್ನು ವರ್ಷವಿಡೀ ಹಿಂದೆ ಕರೆದು ಬೈಯುವವನು ನಾನು. ಯಾವ ಗಳಿಗೆಯಲ್ಲಿ ಹೆಬ್ಬೆರಳು ಒತ್ತುತ್ತದೆ ಎಂದು ನನ್ನ ಬಲಗೈಗೆ ಮೊದಲೇ ಗೊತ್ತಿರುತ್ತಿತ್ತು. ಅದು ಕಾಯುತ್ತಲೇ ಇರಲಿಲ್ಲ.

ಗಡಿಯಾರ ಕೊಟ್ಟೆ. ಅವರು ಸೀಟಿಯನ್ನು ಒಮ್ಮೆ ಬೇಗ, ಒಮ್ಮೆ ತಡಮಾಡಿ, ಒಮ್ಮೆ ನಾನು ಉಸಿರು ಬಿಡುವಾಗ ಊದಿದರು. ಹತ್ತು ಸೀಟಿ. ನಾಲ್ಕು ಟಣ್. ಆರು ಸಲ ಮಣ್ಣಿನ ಗೋಡೆಯಿಂದ ಧೂಳು ಎದ್ದಿತು, ಅಷ್ಟೇ. ಬಡಿದ ನಾಲ್ಕರ ಸರಾಸರಿ ಎರಡು ಸೆಕೆಂಡು, ಮೂರು ಗೀಟು.

ಈಗ ನನ್ನ ಸಂಕಟ ನೋಡಿ. ಬರೀ ಸೆಕೆಂಡು ನೋಡಿದರೆ ನಾನು ಇನ್ನೂ ಮುಂದೆಯೇ ಇದ್ದೆ. ಎರಡು ಮೂರಕ್ಕೂ ಎರಡು ಆರಕ್ಕೂ ಮೂರು ಗೀಟಿನ ಅಂತರ. ಹವಾಲ್ದಾರರು ವಹಿ ನೋಡುವವರಲ್ಲ, ಸುಶೀಲಾ ಬಾಯಿಬಿಟ್ಟು ಹೇಳುವವರಲ್ಲ. ನನ್ನ ಹೆಸರನ್ನು ಬರೆದು, ಪಕ್ಕದಲ್ಲಿ ಸರಾಸರಿ ಬರೆದರೆ ಅಂಕಿ ಸುಳ್ಳಾಗುತ್ತಿರಲಿಲ್ಲ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಅದೊಂದನ್ನು ನಾನು ಅಳೆದಿಲ್ಲ. ಕೊನೆಗೆ ಸ್ಕೇಲು ಇಟ್ಟು ಹೊಸದೊಂದು ಅಂಕಣ ಗೆರೆ ಎಳೆದೆ. ಮೇಲೆ 'ಡಬ್ಬಿ' ಎಂದು ಬರೆದೆ. ಅವರ ಮುಂದೆ ಒಂಬತ್ತು, ನನ್ನ ಮುಂದೆ ನಾಲ್ಕು. ಆಮೇಲೆ ಹೆಸರು ಬರೆಯುವುದು ಕಷ್ಟವಾಗಲಿಲ್ಲ.

'ಬರದ್ರಿ?' ಎಂದು ಹವಾಲ್ದಾರರು ಬೆನ್ನು ತಿರುಗಿಸದೆಯೇ ಕೇಳಿದರು.

'ಬರದೆ, ಕಾಕಾ. ಸುಶೀಲಾ ಕಾಂಬಳೆ.'

ಅವರು ಎದ್ದು ಬಂದು ಮೊದಲ ಸಲ ನನ್ನ ವಹಿ ನೋಡಿದರು. ಹೊಸ ಅಂಕಣದ ಮೇಲೆ ಬೆರಳಿಟ್ಟು, ಹಿಂದಿನ ಮುನ್ನೂರ ಇಪ್ಪತ್ತು ಸಾಲುಗಳ ಹಾಳೆಗಳನ್ನು ನಿಧಾನವಾಗಿ ಮಗುಚಿದರು. ಬೈಯುತ್ತಾರೆ ಎಂದುಕೊಂಡೆ.

'ಅಕ್ಷರ ಚಂದ ಅದಾವ್ರಿ' ಎಂದರು. 'ಚಿಕ್ಕೋಡ್ಯಾಗ ನಮ್ಮ ಕಡೆಯಿಂದ ಗಡಿಯಾರ ನೀವ ಹಿಡೀರಿ. ನಿಮ್ಮ ಕೈ ಮ್ಯಾಲ ನನಗ ಈಗ ನಂಬಿಗಿ ಬಂತು.'

ಹೀಗೆ ನಾನು ಚಿಕ್ಕೋಡಿಗೆ ಹೋದೆ, ರಜೆಯ ಅರ್ಜಿ ವ್ಯರ್ಥವಾಗಲಿಲ್ಲ. ಅಲ್ಲಿ ಸುಶೀಲಾ ಪ್ರತಿ ಸೀಟಿಗೆ ಮೊದಲು ಮುಚ್ಚಳದ ಬಳಿ ನಡೆದುಹೋಗಿ, ಎರಡೂ ಮಗ್ಗುಲು ನೋಡಿ, ಊದಿ ಬರುತ್ತಿದ್ದರು. ನಿಪಾಣಿಯ ಕಡೆಯವನೊಬ್ಬ ಗುಂಪಿನಿಂದ ಕೂಗಿದ, 'ಅಕ್ಕಾರು ಮೊದಲ ಡಬ್ಬಿಗಿ ಪೂಜಿ ಮಾಡ್ತಾರ, ಆಮ್ಯಾಲ ಚಾ ಕುಡೀತಾರ, ಆಮ್ಯಾಲ ಹೊಡೀತಾರ!' ಎಲ್ಲರೂ ನಕ್ಕರು. ಅವರ ಪಾಲಿನ ಕೊನೆಯ ಸೀಟಿಗೆ ಪಿಸ್ತೂಲು ಒರೆಯ ಬಾಯಿಗೆ ಸಿಕ್ಕಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ತಂಡದವನ ಗುಂಡು ಹಾರಿ ಗೋಡೆಗೆ ಬಡಿದೂ ಆಯಿತು. ನಾನಾಗಿದ್ದರೆ ಕಿತ್ತೆಳೆದು ಆಕಾಶಕ್ಕೆ ಹೊಡೆಯುತ್ತಿದ್ದೆ. ಅವರು ಕೈಯನ್ನು ಒಂದಿಷ್ಟು ಹಿಂದಕ್ಕೆ ಒಯ್ದು, ಪಿಸ್ತೂಲನ್ನು ಮತ್ತೆ ಒರೆಗೆ ಇಳಿಸಿ, ಮೊದಲಿನಿಂದ ತೆಗೆದರು. ನನ್ನ ಕೈಯ ಗಡಿಯಾರದಲ್ಲಿ ಮುಳ್ಳು ಮೂರು ದಾಟಿ, ನಾಲ್ಕು ದಾಟಿತು.

ಟಣ್.

ನಾಲ್ಕು ಸೆಕೆಂಡು, ಎರಡು ಗೀಟು. ಆ ದಿನ ಯಾವ ಊರಿನ ಯಾರೂ ಅಷ್ಟು ನಿಧಾನವಾಗಿ ಹೊಡೆದಿರಲಿಲ್ಲ. ಹತ್ತಕ್ಕೆ ಹತ್ತು ಬಾರಿಸಿದವರೂ ಅವರೊಬ್ಬರೇ. ತಂಡಕ್ಕೆ ಎರಡನೆಯ ಸ್ಥಾನ ಬಂತು. ಮರಳಿ ಬರುವಾಗ ಬಸ್ಸಿನಲ್ಲಿ, 'ಸಿಕ್ಕೊಂಡಾಗ ಏನ ಅನಿಸ್ತು?' ಎಂದು ಕೇಳಿದೆ.

'ಏನಿಲ್ರಿ. ಡಬ್ಬಿ ಎಲ್ಲೂ ಹೋಗೂದಿಲ್ಲ, ಈಗಷ್ಟ ನೋಡಿ ಬಂದೇನಲ್ಲ ಅನಿಸ್ತು. ಇರಿವಿ ನೋಡೂದು ನಿಮ್ಮಿಂದ ಕಲ್ತದ್ದ.'

ಅದನ್ನು ಅವ್ವನಿಗೆ ಹೇಳಿದೆ. ಅವಳು ತನ್ನದೇ ಗೆಲುವು ಎಂಬಂತೆ ತಲೆದೂಗಿದಳು.

ಮುಂದೆ ನಾನೂ ಒಂದಿಷ್ಟು ಕಲಿತೆ. 1991ರಲ್ಲಿ ಹತ್ತಕ್ಕೆ ಎಂಟು, ಎರಡು ಸೆಕೆಂಡು ಏಳು ಗೀಟು. ಅದೇ ನನ್ನ ಗರಿಷ್ಠ. ಶಾಲೆಯಲ್ಲಿ ಈಗಲೂ ಹುಡುಗರ ಓಟ ಅಳೆಯುವ ಮೊದಲು ಸೀಟಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತೇನೆ.

ವಹಿಯಲ್ಲಿ ಒಂದು ಜಾಗ ಮಾತ್ರ ಖಾಲಿ ಉಳಿದಿದೆ. ಹವಾಲ್ದಾರ್ ಕಾಂಬಳೆ ಎಂಬ ಹೆಸರಿನ ಮುಂದೆ ಏನೂ ಇಲ್ಲ. ಎಷ್ಟು ಸಲ ಬೇಡಿದರೂ ಅವರು ಗಡಿಯಾರದ ಎದುರು ಹೊಡೆಯಲಿಲ್ಲ. 'ಆ ಕೈ ಪಲ್ಟಣದಾಗ ಬಿಟ್ಟ ಬಂದೇನಿ' ಎನ್ನುತ್ತಿದ್ದರು. 1994ರಲ್ಲಿ ತೀರಿಕೊಂಡರು. ಸುಶೀಲಾ ಈಗ ರಾಯಬಾಗದ ಅಂಚೆ ಕಚೇರಿಯಲ್ಲಿದ್ದಾರೆ. ಹೋದ ತಿಂಗಳು ಕಂಡಾಗ ಅಪ್ಪನ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಒಂದು ಕಂಚಿನ ಪದಕ ತೋರಿಸಿದರು. ಅಡ್ಡಲಾಗಿ ಇಟ್ಟ ಎರಡು ಪಿಸ್ತೂಲುಗಳ ಚಿತ್ರ, ಸವೆದುಹೋದ ಅಕ್ಷರ. ಯಾವ ಪಂದ್ಯದ್ದು, ಯಾವ ವರ್ಷದ್ದು, ಅವರಿಗೂ ಗೊತ್ತಿಲ್ಲ. ಅಪ್ಪ ಒಮ್ಮೆಯೂ ಹೇಳಿರಲಿಲ್ಲವಂತೆ.

ಗಂಟೆ ಒಂಬತ್ತೂ ಹತ್ತು. ಬಿಸಿಲು ಕಟ್ಟೆಗೆ ಬಂದಿದೆ. ಹೊಸ ಚಪ್ಪಲಿಗೆ ಎಣ್ಣೆ ಹಚ್ಚಬೇಕೆಂದು ನಿನ್ನೆಯೇ ಬಟ್ಟಲು ತೆಗೆದಿಟ್ಟಿದ್ದೆ. ಅದನ್ನು ಒಳಗೆ ಕೊಟ್ಟುಬಿಟ್ಟೆ. ನಡೆದು ನಡೆದು ಅವೇ ಮೆತ್ತಗಾಗಲಿ, ನನಗೆ ಅವಸರವಿಲ್ಲ.

ಕಾಂಬಳೆ ಎಂಬ ಹವಾಲ್ದಾರರ ಜೊತೆ ಪಲ್ಟಣದಲ್ಲಿ ಇದ್ದವರು, ಅಥವಾ ಆ ಪದಕದ ಪಂದ್ಯವನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ನಾಲ್ಕು ಸಾಲು ಬರೆಯಿರಿ. ಎಷ್ಟು ಸೆಕೆಂಡು ಎಂದು ನೆನಪಿಲ್ಲದಿದ್ದರೆ ಚಿಂತೆಯಿಲ್ಲ, ಆ ಅಂಕಣ ಖಾಲಿಯೇ ಇರಲಿ. ಡಬ್ಬಿ ಏನು ಅಂತು, ಅಷ್ಟು ತಿಳಿಸಿದರೆ ಸಾಕು.