ಚಿನ್ನಪ್ಪಣ್ಣ ನೋಡಿಕೊಟ್ಟ ಅಡಾಪ್ಟರ್

ಇವತ್ತು ಬೆಳಿಗ್ಗೆ ಬಂಗಾರಪೇಟೆಯ ನಮ್ಮ ಮನೆಯಲ್ಲಿ ರೂಟರಿನ ದೀಪಗಳೆಲ್ಲ ಒಟ್ಟಿಗೆ ಆರಿದವು. ಅದರ ಅಡಾಪ್ಟರನ್ನು ಗೋಡೆಯಿಂದ ಕಿತ್ತು ಮೂಸಿದೆ; ಸುಟ್ಟ ವಾಸನೆ. ಮುಂದಿನ ಕೋಣೆಯಲ್ಲಿ ಕೂತು ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವುದು ನನ್ನ ಕಸುಬು. ನೆಟ್ ಇಲ್ಲದ ದಿನ ನನ್ನ ವಿದ್ಯೆಯೆಲ್ಲ ಸೊನ್ನೆ. ಆದರೂ ಆ ವಾಸನೆ ಬಡಿದದ್ದೇ ಅರ್ಜಿಗಳೆಲ್ಲ ಮರೆತುಹೋಗಿ, ಕ್ಯಾಸಂಬಳ್ಳಿಯ ಚಿನ್ನಪ್ಪಣ್ಣ ನೆನಪಾದ.

ಹತ್ತು ವರ್ಷದ ಹಿಂದಿನ ಮಾತು. ಆಗ ನಾವೂ ಕ್ಯಾಸಂಬಳ್ಳಿಯಲ್ಲೇ ಇದ್ದೆವು. ಚಿನ್ನಪ್ಪಣ್ಣ ಕೋರಮಂಡಲ್ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಗಣಿ ಮುಚ್ಚಿದ ಮೇಲೆ ಊರಲ್ಲಿ ಪಂಪ್‌ಸೆಟ್ಟು, ಮಿಕ್ಸಿ ರಿಪೇರಿ ಮಾಡುತ್ತಿದ್ದ. ಅವನು ಮುಟ್ಟಿದ್ದು ಕೆಟ್ಟಿತೆಂದು ಯಾರೂ ಹೇಳಿದ್ದಿಲ್ಲ. ಎಲ್ಲಿಗೆ ಹೋದರೂ ಹೆಂಡತಿ ರತ್ನಕ್ಕ ಚೀಲ ಹಿಡಿದು ಜೊತೆಗೆ. ಗಂಡನನ್ನು ಒಂದು ಗಳಿಗೆ ಬಿಟ್ಟಿರಲಾರಳು ಎಂದು ನಾವು ಹೆಂಗಸರೆಲ್ಲ ನಗುತ್ತಿದ್ದೆವು. ನಗಿಸುವ ಮಾತುಗಳಲ್ಲಿ ಹೆಚ್ಚಿನವು ನನ್ನವೇ. ನನ್ನ ನಾಲಿಗೆಗೆ ಅಂಥ ಕೆಲಸ ಬಲು ಇಷ್ಟ.

ಆಗಲೂ ಹೀಗೇ ರೂಟರಿನ ಅಡಾಪ್ಟರ್ ಸುಟ್ಟುಹೋಯಿತು. ಹಳೆಯ ಸಾಮಾನಿನ ಡಬ್ಬದಲ್ಲಿ ಇನ್ನೊಂದು ಸಿಕ್ಕಿತು. ಪಿನ್ನು ಸರಿಯಾಗಿ ಕೂರುತ್ತಿತ್ತು. ಪಿನ್ನು ಕೂತರೆ ಎಲ್ಲ ಸರಿ ಎನ್ನುವ ಜಾಣೆ ನಾನು. ಆದರೂ ಒಂದು ಮಾತಿಗೆಂದು ಚಿನ್ನಪ್ಪಣ್ಣನನ್ನು ಕರೆದೆ. ಅವತ್ತು ಅವನೊಬ್ಬನೇ ಬಂದ. ರತ್ನಕ್ಕ ಬೂದಿಕೋಟೆಯ ತವರಿಗೆ ಹೋಗಿದ್ದಳು. ಅಡಾಪ್ಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಆಗ್ತೈತೆ, ಆಕಮ್ಮ” ಅಂದ.

ಹಾಕಿದೆ. ಚಟ್ ಎಂದಿತು. ರೂಟರಿನಿಂದ ಹೊಗೆ ಬಂತು.

ಸ್ವಿಚ್ಚು ಆರಿಸಿ, ಅಡಾಪ್ಟರಿನ ಮೇಲಿದ್ದುದನ್ನು ಆಗ ಓದಿದೆ: ಇಪ್ಪತ್ನಾಲ್ಕು ವೋಲ್ಟ್. ಸುಟ್ಟುಹೋದ ಹಳೆಯದರ ಮೇಲೆ ಹನ್ನೆರಡು. ಇಷ್ಟು ದೊಡ್ಡ ತಪ್ಪು, ಅದೂ ಇವನ ಕೈಯಲ್ಲಿ! ಹೇಗೆ ಎಂದು ಕೇಳಿದೆ. ಅವನು ಅಡಾಪ್ಟರನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

“ಕಾಣ್ಸಲ್ಲಮ್ಮ. ಎರಡು ವರ್ಸ ಆಯ್ತು. ಯಾರ್ಗೂ ಏಳ್ಬೇಡ, ಕೆಲ್ಸಕ್ಕೆ ಕರಿಯಲ್ಲ.”

ಹಿಂದಿನ ವಾರವಷ್ಟೇ ಅವನು ನಮ್ಮ ಮನೆಯ ಮೇನ್ ಬೋರ್ಡ್ ಬಿಚ್ಚಿದ್ದ. ಮಾರನೆಯ ದಿನ ನಮ್ಮದೇ ಬೋರ್‌ವೆಲ್ಲಿನ ಸ್ಟಾರ್ಟರಿಗೆ ಕೈ ಹಾಕುವವನಿದ್ದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ನೀವೇ ಹೇಳಿ, ಅಂಥ ಮಾತನ್ನು ಉಳಿಸಿಕೊಳ್ಳುವುದು ಹೇಗೆ? ಮರುದಿನ ಬೆಳಗಿನ ಬಸ್ಸಿಗೆ ರತ್ನಕ್ಕ ಬಂದಳೆಂದು ತಿಳಿದದ್ದೇ ಅವಳ ಮನೆಗೆ ಓಡಿದೆ.

ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ತಡವರಿಸುತ್ತ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ಗೊತ್ತಮ್ಮ. ಯಾವ ವೈರು ಕೆಂಪು, ಯಾವ್ದು ಅಳದಿ, ನಾನೇ ಪಕ್ಕದಾಗೆ ನಿಂತು ಮೆಲ್ಲಗೆ ಏಳೋದು. ಅದಕ್ಕೇ ಇಂದೆ ಇಂದೆ ಓಗ್ತಿದ್ದೆ.”

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ನಾವು ನಕ್ಕದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅವಳೇ ಹೇಳಿದಳು:

“ನೀವು ನಗ್ತಿದ್ದಿದ್ದೇ ಒಳ್ಳೇದಾಯ್ತು ಬಿಡು. ನಗೋರ್ಗೆ ಅನ್ಮಾನ ಬರಲ್ಲ.”

ನಾಲ್ಕು ಮಾತು ಬೈದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ.

ಅದೇ ವಾರ ಇಬ್ಬರನ್ನೂ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಔಷಧಿ ಬರೆದರು. ಬಸ್ಸಿನಲ್ಲಿ ಬರುವಾಗ ಚಿನ್ನಪ್ಪಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ್ದ. ಇನ್ನು ಮೇಲೆ ಟೆಸ್ಟರು ನನ್ನ ಕೈಯಲ್ಲಿರಲಿ, ನೀನು ಬಾಯಲ್ಲಿ ಹೇಳು ಎಂದು ರತ್ನಕ್ಕ ಅವನಿಗೆ ಹೇಳಿದಳು.

ಅವಳು ಬಹಿರಂಗವಾಗಿ ಬಿಚ್ಚಿದ ಮೊದಲ ಸ್ಟಾರ್ಟರ್ ನಮ್ಮದೇ. ಅವನು ಬದುವಿನ ಮೇಲೆ ಕೂತು ಕೇಳುತ್ತಿದ್ದ, ಅವಳು ಉತ್ತರ ಹೇಳುತ್ತ ತಿರುಪು ಬಿಗಿಸುತ್ತಿದ್ದಳು. ಪೈಪಿನ ಬಾಯಿಂದ ನೀರು ಧುಮುಕಿದ ಮೇಲೆಯೇ ನಾನು ಉಸಿರು ಬಿಟ್ಟದ್ದು. ಮೊದಮೊದಲು ಹೆಂಗಸಿನ ಕೈಗೆ ಮೋಟಾರು ಕೊಡಲು ಹಿಂಜರಿದವರೂ ಬರಬರುತ್ತ ಅವಳನ್ನೇ ಕರೆಯತೊಡಗಿದರು. ಚಿನ್ನಪ್ಪಣ್ಣ ತೀರಿಕೊಂಡು ಮೂರು ವರ್ಷವಾಯಿತು. ಕರೆ ಬಂದರೆ ರತ್ನಕ್ಕ ಈಗಲೂ ಹೋಗುತ್ತಾಳೆ.

ಇವತ್ತು ಅಂಗಡಿಯಲ್ಲಿ ವೋಲ್ಟು, ಆಂಪಿಯರು ಎರಡನ್ನೂ ಓದಿ, ತಾಳೆ ನೋಡಿ, ಹೊಸ ಅಡಾಪ್ಟರ್ ತಂದೆ. ಹಾಕಿದೆ, ದೀಪಗಳು ಬಂದವು. ಸ್ವಲ್ಪ ಹೊತ್ತಿಗೆ ಪಿಂಚಣಿ ಅರ್ಜಿಗೆಂದು ಗಂಡ ಹೆಂಡತಿ ಬಂದರು. ಇದ್ದ ಒಂದು ಕುರ್ಚಿಯಲ್ಲಿ ಅವನು ಕೂತ, ಅವಳು ಪಕ್ಕದಲ್ಲಿ ನಿಂತೇ ಇದ್ದಳು. ನಾನು ಅವನನ್ನು ಕೇಳಿದ ಪ್ರತಿ ಪ್ರಶ್ನೆಗೂ ಅವಳೇ ಉತ್ತರ ಕೊಟ್ಟಳು. ಬೇರೆ ದಿನವಾಗಿದ್ದರೆ, ಯಜಮಾನರಿಗೆ ಬಾಯಿ ಇಲ್ಲವೇ ಅಮ್ಮ ಎಂದು ನಗೆಯಾಡುತ್ತಿದ್ದೆ. ಇವತ್ತು ಎದ್ದುಹೋಗಿ ಒಳಗಿಂದ ಇನ್ನೊಂದು ಕುರ್ಚಿ ತಂದು ಅವನ ಪಕ್ಕಕ್ಕೇ ಹಾಕಿದೆ.